ಗಾಳೆಮ್ಮನ ಎರಡು ಕಪ್ಪೆಗಳು

ಬೆಳಗಿನ ಆರು ಗಂಟೆ. ಮಳೆಗೆ ನೆನೆದ ಕೆರೆಯಂಗಳದಲ್ಲಿ ಗಾಳೆಮ್ಮ ಸಲಿಕೆ ಬದಿಗಿಟ್ಟು ಬರಿಗೈಯಲ್ಲಿ ಮಣ್ಣು ಕೆದಕುತ್ತಾರೆ. ಕೈಗೆ ಸಿಕ್ಕ ದುಂಡು ಕಪ್ಪೆಯನ್ನು ದಡಕ್ಕೆ ಬಿಟ್ಟ ಮೇಲೆಯೇ ಅಲ್ಲಿ ಸಲಿಕೆ ಬೀಳುವುದು.

“ಇಕಿ ಹೂಳು ತೆಗಿಯಾಕ ಬಂದಾಳೋ, ಕಪ್ಪಿ ಬಾಣಂತನಕ್ಕ ಬಂದಾಳೋ?” ಜೊತೆಗಾತಿ ದುರುಗಮ್ಮ ಛೇಡಿಸುತ್ತಾರೆ.

“ಬಾಯಿ ಮುಚ್ಕೊಂಡು ಬುಟ್ಟಿ ಎತ್ತಲೇ ದುರುಗಿ.”

ಕೂಡ್ಲಿಗಿ ತಾಲ್ಲೂಕಿನ ಈ ಊರಲ್ಲಿ ಐವತ್ತೆರಡರ ಗಾಳೆಮ್ಮ ಉದ್ಯೋಗ ಖಾತ್ರಿಯ ಕೂಲಿ. ಶಾಲೆಗೆ ಹೋದವರಲ್ಲ. ಆದರೆ ನೆಲದೊಳಗೆ ಬೇಸಿಗೆ ಕಳೆಯುವ ಎರಡು ಕಪ್ಪೆಗಳನ್ನು ಕಣ್ಣು ಮುಚ್ಚಿ ಗುರುತಿಸುತ್ತಾರೆ. ಕೆರೆಯ ಎರೆಮಣ್ಣಿನದಕ್ಕೆ ನುಣುಪು ಬೆನ್ನು. ಹಿಂಗಾಲಿನಲ್ಲಿ ಮಣ್ಣು ತೋಡುವ ಗಂಟು ಚೂಪು. ಊರಾಚೆಯ, ಕಲ್ಲುಹರಳಿನ ಸಡಿಲ ಕೆಂಪು ಗರಸಿನ ಗುಂಡಿಯದಕ್ಕೆ ತರಿತರಿ ಬೆನ್ನು, ಗಂಟು ಮೊಂಡು. ಯಂತ್ರಗಳು ಹೂಳೆತ್ತಿ ಮೊದಲಿನದು, ಗುಂಡಿಗಳು ಮುಚ್ಚಿ ಎರಡನೆಯದು, ಎರಡೂ ವರ್ಷ ವರ್ಷ ಕಡಿಮೆಯಾಗುತ್ತಿವೆ. ಈ ವಾರ ಕೆರೆಯಲ್ಲಿ ಹದಿನೇಳು ಸಿಕ್ಕಿವೆ, ಗುಂಡಿಯಲ್ಲಿ ನಾಲ್ಕೇ.

“ಹ್ವಾದ ವರ್ಷ ಮಳಿಗೆ ಅಂತ ಕಪ್ಪಿ ಮದುವಿ ಮಾಡಿದ್ರು. ಗಂಡು ಕೆರೀದು, ಹೆಣ್ಣು ಗುಂಡೀದು. ಈ ಸಂಸಾರ ನಡಿಯಂಗಿಲ್ರೋ ಅಂದೆ. ನಕ್ಕು ಅಕ್ಷತಿ ಹಾಕೇಬಿಟ್ರು!” ಎನ್ನುತ್ತಾರೆ ಗಾಳೆಮ್ಮ.

ಈಗಿನದು ನಗುವ ಮಾತಲ್ಲ. ಊರಲ್ಲಿ ಉಳಿದಿರುವ ಆ ಒಂದೇ ಗರಸಿನ ಗುಂಡಿಗೆ ಕೆರೆಯ ಹೂಳು ತುಂಬಿ ಒಕ್ಕಣೆ ಕಣ ಮಾಡಲು ಆದೇಶವಾಗಿದೆ. ತುಂಬಬೇಕಾದದ್ದು ಇವರದೇ ತಂಡ. ಮೊದಲ ಬುಟ್ಟಿಗಳು ಬರುವ ಹೊತ್ತಿಗೆ ಗಾಳೆಮ್ಮ ಗುಂಡಿಯೊಳಗೆ ಇಳಿದು ಕೂರುತ್ತಾರೆ. ಇವತ್ತಿನ ಹಾಜರಿ ಹೋದರೆ ಹೋಗಲಿ.

ಎಂಜಿನಿಯರ್ ಬೀರಲಿಂಗೇಶ್ ಬರುತ್ತಾರೆ. “ಏಳಮ್ಮ. ಎರಡೂ ಒಂದೇ ಕಪ್ಪಿ ಅಂತ ಊರಿನ ಜೀವಿಗಳ ಸರ್ಕಾರಿ ಪಟ್ಟಿಯಾಗ ಐತಿ. ಇವನ್ನೂ ಕೆರಿಗೆ ಬಿಡು.”

“ಪಟ್ಟಿ ಬರದೋರು ಮಣ್ಣಾಗ ಕೈ ಇಟ್ಟಿದ್ರೇನ್ರಿ ಸಾಹೇಬ್ರ? ಇಲ್ಲಿ ನೋಡ್ರಿ.”

ಬುಟ್ಟಿಯ ಹೂಳಿನೊಂದಿಗೆ ಬಂದ ಕೆರೆಯ ಕಪ್ಪೆಯೊಂದನ್ನೂ ಗುಂಡಿಯದೊಂದನ್ನೂ ಅಂಚಿನ ಹೂಳಿನ ರಾಶಿಯ ಮೇಲೆ ಅಕ್ಕಪಕ್ಕ ಇಡುತ್ತಾರೆ. ಕೆರೆಯದು ಹಿಂಗಾಲಿನಿಂದ ಕೊರೆಯುತ್ತ, ತಿರುಗುತ್ತ, ಹಿಂದುಹಿಂದಕ್ಕೆ ಇಳಿದೇ ಹೋಗುತ್ತದೆ. ಗುಂಡಿಯದು ಕಾಲು ಬಡಿಯುತ್ತದೆ, ಅಂಟಿಕೊಳ್ಳುತ್ತದೆ, ಮೇಲೆಯೇ ಉಳಿಯುತ್ತದೆ. ಕಾಗೆಯೊಂದು ಹತ್ತಿರ ಬರುತ್ತದೆ. ಗಾಳೆಮ್ಮ ಅದನ್ನು ಅಟ್ಟಿ, ಕಪ್ಪೆಯನ್ನು ತೊಳೆದು ಗರಸಿಗೆ ಬಿಡುತ್ತಾರೆ. ನೋಡನೋಡುತ್ತಲೇ ಮಾಯ.

ಬೀರಲಿಂಗೇಶ್ ಹೂಳು ಸುರಿಯದೆ ಬುಟ್ಟಿಗಳನ್ನು ಕೆಳಗಿಡಲು ಹೇಳುತ್ತಾರೆ. “ಕಣಕ್ಕ ಬ್ಯಾರೆ ಜಾಗ ನೋಡ್ರಿ ಅಂತ ಬರಿತೀನಿ. ಮ್ಯಾಲಿನೋರು ಒಪ್ಪಬೇಕಲ್ಲಮ್ಮ.”

“ಒಪ್ಪೋತನಕ ನಾ ಏಳಂಗಿಲ್ರಿ. ಪಟ್ಟಿಯಾಗ ಒಂದು ಅಂತ ಐತಲ್ಲ, ಅದನ್ನ ಎರಡು ಮಾಡ್ರಿ. ನನಗ ಬರಿಯಾಕ ಬರಂಗಿಲ್ಲ, ಎಣಸಾಕ ಬರತೈತಿ.”