ಬುಧವಾರದ ಖಾಲಿ ಡಬ್ಬಿ

ಇವತ್ತು ಬೆಳಿಗ್ಗೆ ಉಪ್ಪಿನಕಾಯಿ ಜಾಡಿ ಇಳಿಸಲೆಂದು ಅಡುಗೆಮನೆಯಲ್ಲಿ ಸ್ಟೂಲು ಹತ್ತಿದವನ ಕೈಗೆ ಅಟ್ಟದ ಮೇಲೆ ನನ್ನ ಹಳೆಯ ಊಟದ ಡಬ್ಬಿ ಸಿಕ್ಕಿತು. ಎರಡು ಅಂತಸ್ತಿನ ಸ್ಟೀಲು ಡಬ್ಬಿ, ಪಕ್ಕದಲ್ಲಿ ಕ್ಲಿಪ್ಪು, ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೆತ್ತಿಕೊಟ್ಟ ನನ್ನ ಇನಿಷಿಯಲ್ಲು. ಮುಚ್ಚಳ ತೆಗೆದೆ. ಎಷ್ಟು ತೊಳೆದಿದ್ದರೂ ಒಳಗೆ ಇಂಗಿನ, ಹುಣಸೆಯ, ಬೆಂದ ಬೇಳೆಯ ವಾಸನೆ ಇನ್ನೂ ಕೂತಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದರೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ. ಸ್ಟೂಲಿನ ಮೇಲೆ ನಿಂತು ಅದನ್ನು ಮೂಸುತ್ತಿದ್ದ ನನ್ನನ್ನು ನೋಡಿ ಹೆಂಡತಿ, "ಜಾಡಿ ಇಳ್ಸಿ ಅಂದ್ರೆ ಅಲ್ಲೇನ್ ಮಾಡ್ತಿದೀರಾ?" ಎಂದಳು.

ಅದಕ್ಕೆ ಅರ್ಧ ಗಂಟೆ ಮುಂಚೆ ಸರೋಜಕ್ಕನ ಫೋನು ಬಂದಿತ್ತು. "ಬುಧವಾರ ಕೋರ ದಾಟಿ ಒಂದೂರಿಗೆ ಹೋಗ್ಬೇಕು ಕಣಪ್ಪ, ಅಲ್ಲಿ ಸ್ಕೂಲಲ್ಲೂ ಊಟದ್ದೇ ತಕರಾರಂತೆ. ಬರ್ತೀಯಾ?" ಎಂದು ಕೇಳಿದ್ದರು. "ನೋಡ್ತೀನಿ ಅಕ್ಕ, ಯಾಕೋ ಮಂಡಿ ನೋವು" ಎಂದಿದ್ದೆ. ಮಂಡಿ ನೋವಿನವನು ಸ್ಟೂಲು ಹತ್ತುವುದಿಲ್ಲ ಎಂಬುದು ನನಗೆ ಹೊಳೆದದ್ದು ಡಬ್ಬಿ ಕೈಗೆ ಬಂದ ಮೇಲೆ.

ನಾನು ತುಮಕೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡವನು. ಸಮಾಜ ಸೇವೆಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದೇ ತಿಳಿದಿದ್ದೆ. ಸರೋಜಕ್ಕ ಕುಣಿಗಲ್ಲಿನವರು, ನರ್ಸಾಗಿ ನಿವೃತ್ತರು. ಅವರ ಬೀದಿಯ ಮುದುಕ ಮುದುಕಿಯರಿಗೆಲ್ಲ ಬೇಕಾದ ಮಾತ್ರೆಗಳ ಚೀಟಿ ಹಿಡಿದು ತಿಂಗಳಿಗೆರಡು ಸಲ ಬಸ್ಸಿನಲ್ಲಿ ನನ್ನ ಅಂಗಡಿಗೆ ಬರುತ್ತಿದ್ದರು. ಒಂದು ದಿನ ಚೀಟಿಯ ಜೊತೆಗೆ ಒಂದು ಬಿಳಿ ಹಾಳೆ ಮುಂದಿಟ್ಟು, "ಡಾಕ್ಟರ ಅಕ್ಷರ ಓದೋನಿಗೆ ಬರೆಯೋಕೂ ಬರ್ಬೇಕಲ್ಲ, ಒಂದು ಮನವಿ ಬರ್ಕೊಡು" ಎಂದರು. ಬರೆದುಕೊಟ್ಟೆ. ಅಲ್ಲಿಗೆ ನಾನು ಸಿಕ್ಕಿಹಾಕಿಕೊಂಡೆ.

ಅವರದೊಂದು ಗುಂಪು. ಒಬ್ಬ ಆಟೋದವರು, ಇಬ್ಬರು ನಿವೃತ್ತ ಮೇಷ್ಟ್ರು, ಒಬ್ಬ ಟೈಲರು, ಈಗ ನಾನು. ಗುಂಪಿಗೆ ಹೆಸರಿಡಲು ಎರಡು ಸಭೆ ನಡೆದು, ಎರಡರಲ್ಲೂ ಜಗಳವಾಗಿ, ಹೆಸರಿನ ಗೊಡವೆಯೇ ಬೇಡವೆಂದು ಬಿಟ್ಟಿದ್ದೆವು. ಶಾಂತಿಗಾಗಿ ಸೇರಿದ ಗುಂಪಿನಲ್ಲಿ ನಡೆದ ಜಗಳ ಅದು. ಎರಡು ಕೋಮಿನ ಹಬ್ಬ ಒಂದೇ ವಾರದಲ್ಲಿ ಬಿದ್ದರೆ ಮೆರವಣಿಗೆ ತಿರುಗುವ ಮೂಲೆಯಲ್ಲಿ ಪಾನಕದ ಕೊಳದಪ್ಪಲೆ ಇಟ್ಟುಕೊಂಡು ನಿಲ್ಲುವುದು, ಎಲ್ಲಾದರೂ ಮನಸ್ತಾಪವೆಂದು ಸುದ್ದಿ ಬಂದರೆ ಹೋಗಿ ಕೂರುವುದು, ಇಷ್ಟೇ ಕೆಲಸ. ಭಾಷಣವಿಲ್ಲ, ಬ್ಯಾನರಿಲ್ಲ. ಸರೋಜಕ್ಕ ಯಾವ ಊರಿಗೆ ಹೋದರೂ ಯಾವ ಮನೆಯ ಮುಂದೆ ನಿಂತರೂ ಮೊದಲು ನೀರು ಕೇಳುತ್ತಿದ್ದರು. "ನಮ್ ಕಡೆ ನೀರು ಕೊಟ್ಟೋರು ಆಮೇಲೆ ಬಾಗ್ಲು ಹಾಕ್ಕೊಳಲ್ಲ ಕಣಪ್ಪ" ಎನ್ನುವುದು ಅವರ ಲೆಕ್ಕಾಚಾರ.

ಆರೇಳು ವರ್ಷದ ಹಿಂದೆ ಗುಬ್ಬಿ ತಾಲ್ಲೂಕಿನ ಒಂದು ಊರಿಂದ ಅಂಥ ಸುದ್ದಿ ಬಂತು. ಚೇಳೂರಿನಲ್ಲಿ ಬಸ್ಸಿಳಿದು ಒಳಕ್ಕೆ ಹೋಗಬೇಕು. ಹೆಸರು ಹೇಳುವುದಿಲ್ಲ, ಅಲ್ಲಿಯವರು ಈಗ ನನಗೆ ನೆಂಟರಿದ್ದ ಹಾಗೆ. ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ಹೊಸ ಅಡುಗೆಯವರು ಬಂದಿದ್ದರು, ಸಿದ್ದಗಂಗಮ್ಮ. ಊರಾಚೆಯ ದಲಿತರ ಕಾಲೋನಿಯವರು. ಅವರು ಒಲೆಯ ಮುಂದೆ ನಿಂತ ಮಾರನೆಯ ದಿನದಿಂದ ಊರೊಳಗಿನ ಮಕ್ಕಳೆಲ್ಲ ಮನೆಯಿಂದ ಡಬ್ಬಿ ತರತೊಡಗಿದವು. ಯಾರೂ ಜಗಳ ಮಾಡಲಿಲ್ಲ, ಒಂದು ಕೆಟ್ಟ ಮಾತಾಡಲಿಲ್ಲ. ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು. ಮೂವತ್ತೆರಡು ಮಕ್ಕಳ ಹೊಟ್ಟೆ ಒಂದೇ ದಿನ ಕೆಟ್ಟಿತ್ತು. ದಸರಾ ರಜೆಯವರೆಗೆ ನೋಡೋಣ, ಆಮೇಲೂ ಮಕ್ಕಳು ಊಟಕ್ಕೆ ಕೂರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳಿ ಎಂದು ಶಾಲೆಯ ಸಮಿತಿಯವರು ಹೆಡ್ ಮೇಡಂಗೆ ಹೇಳಿದ್ದರು.

ಮೊದಲ ಬುಧವಾರ ಸರೋಜಕ್ಕ, ನಾನು ಇಬ್ಬರೇ ಹೊರಟೆವು. ಹೋಗಿ ಮಕ್ಕಳ ಜೊತೆ ಕೂತು ಊಟ ಮಾಡುವುದು, ಅಷ್ಟೇ ಕಾರ್ಯಕ್ರಮ. ನಾನು ಆ ದಿನ ಮಾಡಿದ್ದನ್ನು ಈಗ ಹೇಳಿಬಿಡುತ್ತೇನೆ. ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋದೆ. ಮೇಲೆ ಚಿತ್ರಾನ್ನ, ಕೆಳಗೆ ಮೊಸರನ್ನ. ಇಪ್ಪತ್ತು ವರ್ಷದಿಂದ ಅಂಗಡಿಗೆ ಡಬ್ಬಿ ಒಯ್ದ ಕೈ, ಅಭ್ಯಾಸಬಲ ಎಂದು ಇಂದಿಗೂ ವಾದಿಸಬಲ್ಲೆ. ಆದರೆ ಬೆಳಿಗ್ಗೆ ಚಿತ್ರಾನ್ನ ಕಲಸುವಾಗ ಮನಸ್ಸಿನ ಯಾವುದೋ ಮೂಲೆಯಲ್ಲಿ 'ಅಲ್ಲಿ ಹೇಗಿರುತ್ತೋ ಏನೋ' ಎಂಬುದು ಸುಳಿದಿರಲಿಲ್ಲವೇ? ಸುಳಿದಿತ್ತು. ಅದು ಬರಿಯ ಶುಚಿಯ ಮಾತಾಗಿತ್ತೇ ಎಂದು ನೀವು ಕೇಳಿದರೆ ನಾನು ಬೇರೆ ಕಡೆ ನೋಡುತ್ತೇನೆ.

ಶಾಲೆಯ ಪಡಸಾಲೆಗೆ ಕಾಲಿಟ್ಟಾಗ ಮೊದಲು ಕಂಡದ್ದು ತಟ್ಟೆಗಳು. ಎರಡು ಸಾಲು, ಒಟ್ಟು ನಲವತ್ತೊಂದು, ಫಳಫಳ ತೊಳೆದವು. ಒಂಬತ್ತರ ಮುಂದೆ ಮಾತ್ರ ಮಕ್ಕಳಿದ್ದರು, ಸಿದ್ದಗಂಗಮ್ಮನ ಕಾಲೋನಿಯವರೇ. ಉಳಿದವರು ಹೊರಗೆ ಹೊಂಗೆ ಮರದ ಕೆಳಗೆ ತಂತಮ್ಮ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಮಕ್ಕಳಿಗೆ ಡಬ್ಬಿ ಕೊಡಲು ಬಂದಿದ್ದ ಒಬ್ಬಾತ ಕಾಂಪೌಂಡಿನ ಹತ್ತಿರ ನಿಂತಿದ್ದ. ಅವನ ಕಣ್ಣು ಡಬ್ಬಿ ಇಣುಕುತ್ತಿದ್ದ ನನ್ನ ಬ್ಯಾಗಿನ ಮೇಲೆ ಬಿತ್ತು. ಮರದ ಕಡೆ ತಿರುಗಿ ನಿಧಾನವಾಗಿ, "ನೋಡ್ರಲಾ, ತುಮ್ಕೂರೋರೂ ಡಬ್ಬಿ ತಂದವ್ರೆ" ಎಂದ.

ನಾನು ಬ್ಯಾಗಿನ ಬಾಯನ್ನು ಕೈಯಿಂದ ಮುಚ್ಚಿಕೊಂಡೆ. ಸರೋಜಕ್ಕ ನನ್ನ ಕಡೆ ನೋಡಲೇ ಇಲ್ಲ. ಆಗ ಸಿದ್ದಗಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಕೋಣೆಯಿಂದ ಬಂದರು. ಗಿಡ್ಡ ಆಳು, ಹೊಗೆಗೆ ಕೆಂಪಾದ ಕಣ್ಣು. ನನ್ನ ಬ್ಯಾಗು ನೋಡಿದರು, ಕಾಂಪೌಂಡಿನವನ ಮಾತೂ ಅವರಿಗೆ ಕೇಳಿಸಿತ್ತು. "ಬೆಳಿಗ್ಗೆ ಕಟ್ಟಿದ್ದಾ ಸಾ? ತಣ್ಣಗಾಗಿರ್ತದೆ. ಬಿಸಿ ಮಾಡ್ಕೊಡ್ಲಾ?" ಎಂದರು.

ವ್ಯಂಗ್ಯವಿರಲಿಲ್ಲ, ಬೇಸರವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮನುಷ್ಯ ತಣ್ಣನೆಯ ಅನ್ನ ತಿನ್ನಬಾರದು ಎಂಬುದಷ್ಟೇ ಆ ಮುಖದಲ್ಲಿತ್ತು. ನಾನು ಜೀವನದಲ್ಲಿ ದೊಡ್ಡ ದೊಡ್ಡವರನ್ನು ದೂರದಿಂದ ನೋಡಿದ್ದೇನೆ, ಅವರ ಮಾತು ಕೇಳಿ ಚಪ್ಪಾಳೆ ತಟ್ಟಿದ್ದೇನೆ. ಆದರೆ ಹೀಗೆ ಬೆರಗಾಗಿ ನಿಂತದ್ದು ಅದೇ ಮೊದಲು. ಡಬ್ಬಿ ಬ್ಯಾಗಿನಲ್ಲೇ ಉಳಿಯಿತು. ಒಂದು ಖಾಲಿ ತಟ್ಟೆಯ ಮುಂದೆ ಕೂತೆ. ಅನ್ನ, ಸೊಪ್ಪಿನ ಸಾರು. ಚೆನ್ನಾಗಿತ್ತು ಎಂದು ಬರೆದರೆ ಪ್ರಾಯಶ್ಚಿತ್ತಕ್ಕೆ ಹೇಳಿದಂತಾಗುತ್ತದೆ, ಆದರೂ ಚೆನ್ನಾಗಿತ್ತು.

ಊಟವಾದ ಮೇಲೆ ಅವರು ಎಲ್ಲ ತಟ್ಟೆಗಳನ್ನೂ ತೊಳೆಯಲು ಕೂತರು, ಬಳಸದವನ್ನೂ. ಯಾಕೆಂದು ಕೇಳಿದೆ. "ಧೂಳು ಕೂತಿರ್ತದಲ್ಲ ಸಾ. ನಾಳೆ ಬಂದ್ರೆ?" ಎಂದರು. ತಟ್ಟೆಗಳ ಹಿಂದೆ ಒಂದೊಂದು ಮಗುವಿನ ಹೆಸರು ಕೆತ್ತಿತ್ತು. ಸಿದ್ದಗಂಗಮ್ಮನಿಗೆ ಓದಲು ಬಾರದು. ಯಾವ ತಟ್ಟೆಯ ಅಂಚು ಎಲ್ಲಿ ನೆಗ್ಗಿದೆ ಎಂಬ ಗುರುತಿನ ಮೇಲೆ ಆ ಮಗು ಮೊದಲ ದಿನ ಕೂತಿದ್ದ ಜಾಗದಲ್ಲೇ ಅದನ್ನಿಡುತ್ತಿದ್ದರು.

ವಾಪಸು ಬರುವಾಗ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ಅಲ್ಲಿ ಟೀ ಕುಡಿಯುತ್ತ ಸರೋಜಕ್ಕ, "ಡಬ್ಬಿ ತರ್ಬೇಡ ಅಂತ ನಾನೂ ಹೇಳಿರ್ಲಿಲ್ಲ ಬಿಡು" ಎಂದರು. ನಾನು ಇನ್ನು ಬರುವುದಿಲ್ಲ, ಇದು ನನ್ನಂಥವನಿಗಲ್ಲ ಎಂದೆ. ಅವರು ಲೋಟ ಕೆಳಗಿಟ್ಟು, "ಮುಂದಿನ ಬುಧವಾರನೂ ಡಬ್ಬಿ ತಾ. ಖಾಲಿ ತಾ" ಎಂದರು.

ಖಾಲಿ ಡಬ್ಬಿಯ ಉಪಾಯ ಹೀಗಿತ್ತು. ಶಾಲೆಯಲ್ಲಿ ಅದಕ್ಕೆ ಅನ್ನ ಸಾರು ಹಾಕಿಸಿಕೊಂಡು ನೇರ ಕೆಂಪಜ್ಜಿಯ ಮನೆಗೆ ಹೋಗುವುದು. ಮೊದಲು ಡಬ್ಬಿ ಕಳಿಸಿದ್ದು ಕೆಂಪಜ್ಜಿ, ತಮ್ಮ ಮೂವರು ಮೊಮ್ಮಕ್ಕಳಿಗೆ. ಅವರ ಮನೆ ನೋಡಿಕೊಂಡು ಉಳಿದವರು. "ನೀರು ಕೊಡವ್ವ, ನಿನ್ ಜಗಲೀಲಿ ಕೂತು ಊಟ ಮಾಡ್ತೀವಿ" ಎಂದರು ಸರೋಜಕ್ಕ. ಅಜ್ಜಿ ಡಬ್ಬಿ ನೋಡಿ, "ಇಸ್ಕೂಲಿಂದಾ?" ಎಂದರು. ಹೌದೆಂದೆವು. ಅಜ್ಜಿ ಒಳಗಿನಿಂದ ಚೊಂಬು ತಂದರು. ಕೈಗೆ ಕೊಡಲಿಲ್ಲ. ಜಗಲಿಯ ತುದಿಯಲ್ಲಿಟ್ಟು ಹಿಂದೆ ಸರಿದರು.

ಐವತ್ತು ವರ್ಷದ ಬದುಕಿನಲ್ಲಿ ನನಗೆ ನೀರು ಕೈಗೆ ಬಾರದೆ ಹೋದದ್ದು ಅದೇ ಮೊದಲ ಸಲ. ಕಿವಿ ಬಿಸಿಯಾಯಿತು. ನನಗೆ ಒಂದು ಚೊಂಬಿಗೇ ಇಷ್ಟಾಯಿತಲ್ಲ, ಹುಟ್ಟಿದಾಗಿನಿಂದ ಇದನ್ನೇ ಉಂಡ ಆ ಹೆಂಗಸು 'ಬಿಸಿ ಮಾಡ್ಕೊಡ್ಲಾ' ಎಂದು ಹೇಗೆ ಕೇಳಿದರು?

ಹೀಗೇ ಐದು ಬುಧವಾರ. ನಡುವೆ ನಾನು ಚೆಂದದ ಅಕ್ಷರದಲ್ಲಿ ಒಂದು ದೂರು ಬರೆದುಕೊಂಡು ಹೋಗಿ ಸಿದ್ದಗಂಗಮ್ಮನಿಗೆ ಓದಿ ಹೇಳಿದೆ. ಕಾನೂನು ನಿಮ್ಮ ಕಡೆ ಇದೆ, ಸಹಿ ಬದಲು ಹೆಬ್ಬೆಟ್ಟು ಒತ್ತಿದರೆ ಸಾಕು ಎಂದೆ. ಅವರು ಪೂರ್ತಿ ಕೇಳಿ, "ಜೋಬಲ್ಲಿ ಇಟ್ಕೊಂಡಿರಿ ಸಾ. ಕೆಲ್ಸ ಕಿತ್ಕಂಡ್ರೆ ಒತ್ತೇ ಒತ್ತೀನಿ. ಅಷ್ಟ್ರೊಳಗೆ ಮಕ್ಳು ತಾವಾಗೇ ಬಂದ್ರೆ ಉಂಡಿದ್ದು ಮೈಗತ್ತದೆ" ಎಂದರು. ಹೆದರಿಕೆಯಿಂದ ಹೇಳಿದ ಮಾತಲ್ಲ ಅದು. ದೂರು ಜೇಬಿನಲ್ಲೇ ಇತ್ತು, ಮಡಿಕೆಯಲ್ಲಿ ಹರಿಯುವಷ್ಟು ದಿನ.

ಆರನೆಯ ಬುಧವಾರ, ದಸರಾ ರಜೆಗೆ ಇನ್ನು ಹತ್ತು ದಿನವಿದೆ ಎನ್ನುವಾಗ, ನಾನು ಜಗಲಿಯಲ್ಲಿ ಡಬ್ಬಿ ಬಿಚ್ಚುವ ಮೊದಲೇ ಕೆಂಪಜ್ಜಿ ನನ್ನನ್ನು ಕೇಳಿದರು: "ನೀನು ಔಸ್ದಿ ಅಂಗ್ಡಿಯೋನಂತಲ್ಲ. ಇಷ್ಟ್ ದಿನ ಉಂಡ್ಯಲ್ಲ, ಹೊಟ್ಟೆಗೇನೂ ಆಗ್ಲಿಲ್ವಾ?"

"ಇಲ್ಲಜ್ಜಿ. ಒಂದು ಮಾತ್ರೆನೂ ತಗೊಂಡಿಲ್ಲ."

ಅಜ್ಜಿ ನನ್ನ ಡಬ್ಬಿಯನ್ನೇ ನೋಡುತ್ತ, "ಚಿಕ್ಕೋನು ಡಬ್ಬಿ ಹಂಗೇ ವಾಪಸ್ ತತ್ತಾನೆ. ಮುದ್ದೆ ಕಲ್ಲಾಗಿರ್ತದೆ" ಎಂದರು. ಆಮೇಲೆ ಕೋಲು ಹಿಡಿದು ಎದ್ದರು. "ನಡೀರಿ, ನೋಡ್ಕಂಡ್ ಬರಾನ."

ಪಡಸಾಲೆಯಲ್ಲಿ ತಟ್ಟೆಗಳ ಸಾಲು ನೋಡಿ ಅಜ್ಜಿ ನಿಂತುಬಿಟ್ಟರು. "ಯಾರೂ ಉಣ್ಣಲ್ಲ ಅಂದ್ಮೇಲೆ ಇಷ್ಟೊಂದ್ ಯಾಕವ್ವ ತೊಳ್ದಿಟ್ಟಿದೀಯ?"

"ಆ ಕಂಬದ ಪಕ್ಕದ್ದು ನಿಮ್ ಚಿಕ್ ಮೊಮ್ಮಗಂದು. ಬಂದ್ರೆ ಇರ್ಬೇಕಲ್ಲಜ್ಜಿ" ಎಂದರು ಸಿದ್ದಗಂಗಮ್ಮ.

ಕೆಂಪಜ್ಜಿ ಕೋಲನ್ನು ಕಂಬಕ್ಕೆ ಒರಗಿಸಿ, ಗೋಡೆ ಹಿಡಿದುಕೊಂಡು, ಮೊಮ್ಮಗನ ತಟ್ಟೆಯ ಮುಂದೆ ಕೂತರು. "ಬಡ್ಸು" ಎಂದರು. ಹೊಂಗೆ ಮರದ ಕೆಳಗೆ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಸಿದ್ದಗಂಗಮ್ಮ ಅನ್ನ ಹಾಕಿ ಅದರ ಮೇಲೆ ಸೌಟು ತುಂಬ ಸಾರು ಬಡಿಸಿದರು. ಎರಡು ತುತ್ತು ತಿಂದು ಅಜ್ಜಿ, "ಉಪ್ಪು ಕಮ್ಮಿ" ಎಂದರು. ಆಮೇಲೆ ನೀರು ಕೇಳಿದರು. ಸಿದ್ದಗಂಗಮ್ಮ ನೀರು ತಂದು, ಹುಟ್ಟಿನಿಂದ ರೂಢಿಯಾದಂತೆ, ಒಂದು ಮಾರು ದೂರದಲ್ಲಿಟ್ಟು ಹಿಂದೆ ಸರಿದರು.

ಅಜ್ಜಿ ಚೊಂಬನ್ನು ನೋಡಿದರು. ನನ್ನನ್ನೂ ಒಮ್ಮೆ ನೋಡಿದರು. "ಕೈಗೆ ಕೊಡವ್ವ" ಎಂದರು. "ಅಷ್ಟ್ ದೂರ ಬಗ್ಗಕ್ಕೆ ನನ್ ಮಂಡಿ ಬಿಡಲ್ಲ."

ಸಿದ್ದಗಂಗಮ್ಮ ಕೊಟ್ಟರು. ಅಜ್ಜಿ ಇಸಕೊಂಡು ಕುಡಿದರು. ನಡೆದದ್ದು ಇಷ್ಟೇ. ಸರೋಜಕ್ಕ ಮುಖ ತಿರುಗಿಸಿ ಮೂಗು ಒರೆಸಿಕೊಳ್ಳುತ್ತಿದ್ದರು. ನಾನಂತೂ ಕಣ್ಣೀರನ್ನು ಸಾರಿನ ಖಾರದ ತಲೆಗೆ ಕಟ್ಟಿದೆ, ಆಗಿನ್ನೂ ಊಟಕ್ಕೇ ಕೂತಿರದಿದ್ದರೂ.

ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಮನೆಯವರು ಮಕ್ಕಳನ್ನು ವ್ಯಾನು ಹತ್ತಿಸಿ ಗುಬ್ಬಿಯ ಕಾನ್ವೆಂಟಿಗೆ ಕಳಿಸಿದರು, ಕಾಂಪೌಂಡಿನ ಹತ್ತಿರ ನಿಂತಿದ್ದವನದೂ ಅದರಲ್ಲೊಂದು. ಆದರೆ ಮಾರನೆಯ ದಿನ ಕೆಂಪಜ್ಜಿಯ ಮೊಮ್ಮಕ್ಕಳು ಡಬ್ಬಿ ತರಲಿಲ್ಲ. ಆಮೇಲೆ ಒಂದೊಂದೇ ಮನೆ. ರಜೆಗೆ ಮುಂಚಿನ ಕೊನೆಯ ಬುಧವಾರ ನಾವು ಹೋದಾಗ ಪಡಸಾಲೆಯಲ್ಲಿ ಗದ್ದಲ. ಉಳಿದ ಮಕ್ಕಳೆಲ್ಲ ಕೂತಿದ್ದವು. ಹೋದವರ ತಟ್ಟೆಗಳ ಮುಂದೆ, ಉಪ್ಪು ನೋಡಲು ಬಂದೆವೆಂದು ಹೇಳಿಕೊಂಡು, ಕೆಂಪಜ್ಜಿ ಮತ್ತು ಅವರ ಓರಗೆಯ ಮೂವರು ಮುದುಕಿಯರು. ನಾನು ಜಾಗ ಹುಡುಕುತ್ತ ನಿಂತೆ. ಸಿದ್ದಗಂಗಮ್ಮ ಬಕೆಟ್ಟು ಹಿಡಿದು ನನ್ನ ಮುಂದೆ ಬಂದರು. ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅಂದೇ.

"ತಟ್ಟೆ ಇಲ್ಲ ಸಾ" ಎಂದರು. "ನಿಮ್ ಡಬ್ಬಿ ಕೊಡಿ."

ಆ ಡಬ್ಬಿಯೇ ಈಗ ನನ್ನ ಕೈಯಲ್ಲಿರುವುದು. ಮಗಳು ಹಾಟ್‌ಬಾಕ್ಸು ತಂದುಕೊಟ್ಟ ಮೇಲೆ ಅಟ್ಟ ಸೇರಿತ್ತು. ಅದರ ಹಿಂದೆಯೇ ನಾನೂ, ಅಂಗಡಿ, ಬಿಸಿಲು, ವಯಸ್ಸು ಎಂದು ಒಂದೊಂದು ಕಾರಣ ಹೇಳಿಕೊಂಡು ಎರಡು ವರ್ಷದಿಂದ ಮೆಲ್ಲಗೆ ಅಟ್ಟ ಹತ್ತಿದ್ದೆ. ಸಿದ್ದಗಂಗಮ್ಮ ಇಂದಿಗೂ ಆ ಶಾಲೆಯ ಒಲೆಯ ಮುಂದಿದ್ದಾರೆ. ಕೆಂಪಜ್ಜಿ ಇಲ್ಲ. ಎಂಬತ್ತರ ಆ ಮುದುಕಿ ಮಂಡಿ ನೋವೆಂದು ಹೇಳಿ ಎಷ್ಟು ದೂರ ನಡೆದುಬಿಟ್ಟರು! ಅದೇ ಮಂಡಿ ನೋವನ್ನು ನಾನು ಇವತ್ತು ಬೆಳಿಗ್ಗೆ ಯಾತಕ್ಕೆ ಬಳಸಿದೆ ಎಂದು ನೆನೆದು ನಾಚಿಕೆಯಾಯಿತು.

ಸ್ಟೂಲಿನಿಂದ ಇಳಿದು ಡಬ್ಬಿ ತೊಳೆದೆ. ಮೊದಲೇ ಶುಚಿಯಾಗಿತ್ತು, ಆದರೂ ಧೂಳು ಕೂತಿರುತ್ತದಲ್ಲ. ಕೈ ಒರೆಸಿಕೊಂಡು ಸರೋಜಕ್ಕನಿಗೆ ಫೋನು ಮಾಡಿದೆ.

"ಬುಧವಾರ ಬರ್ತೀನಿ ಅಕ್ಕ."

"ಮಂಡಿ ನೋವು ಅಂದ್ಯಲ್ಲಪ್ಪ?"

"ಹೌದಕ್ಕ. ನೀರು ಕೈಗೇ ಕೊಡಿ ಅಂತ ಕೇಳ್ತೀನಿ."

ಸರೋಜಕ್ಕ, "ಡಬ್ಬಿ ಮರೀಬೇಡ" ಎಂದು ಫೋನಿಟ್ಟರು.