ಕುರ್ಚಿ ಹೆಣೆಯುವವರ ಓಟು

ನೆನೆಹಾಕಿದ ಬೆತ್ತಕ್ಕೊಂದು ವಾಸನೆಯಿದೆ. ಹಸಿ ಹುಲ್ಲಿನದಲ್ಲ, ಹಳೆಯ ಗೋಣಿಯದೂ ಅಲ್ಲ, ಎರಡರ ನಡುವಿನದು. ಕಳೆದ ವಾರ ಮೂಡುಬಿದಿರೆಯ ಮನೆಯಲ್ಲಿ, ತೂತುಬಿದ್ದ ಕುರ್ಚಿಯನ್ನು ನಾನೇ ಹೆಣೆಯುತ್ತೇನೆಂದು ಬಕೆಟ್ಟಿನಲ್ಲಿ ಬೆತ್ತ ಮುಳುಗಿಸಿದೆ. ವಾಸನೆಯ ಹಿಂದೆಯೇ, ಹಿಂದೊಮ್ಮೆ ನಮ್ಮ ಕುರ್ಚಿ ಹೆಣೆಯುತ್ತಿದ್ದ ಅವರು ನೆನಪಿಗೆ ಬಂದರು...

ಎಪ್ಪತ್ತರ ದಶಕದ ಕೊನೆ ಇರಬೇಕು, ಇಲ್ಲವೇ ಎಂಬತ್ತು. ಮೇಷ್ಟ್ರಾಗಿದ್ದ ನಾನು ಮೊದಲ ಸಲ ಮತಗಟ್ಟೆ ಅಧಿಕಾರಿಯಾಗಿ ಬೆಳ್ತಂಗಡಿ ಕಡೆಯ ಶಾಲೆಯೊಂದಕ್ಕೆ ಹೋಗಿದ್ದೆ. ಬಿಸಿಲಿತ್ತು ಎಂದು ಬರೆಯಹೊರಟೆ. ಬಿಸಿಲು ನೆನಪಿಲ್ಲ, ಬಿಸಿಲಿಲ್ಲದ ಚುನಾವಣೆಯನ್ನು ಊಹಿಸಲಾಗುತ್ತಿಲ್ಲ, ಅಷ್ಟೇ.

ಸಾಲಿನಲ್ಲಿ ಮೊದಲು ನಿಂತವರು ಅವರು, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ. ಹೆಸರು ಪಟ್ಟಿಯಲ್ಲಿತ್ತು. ಬೆರಳಿಗೆ ಶಾಯಿ ಹಚ್ಚಿಯಾಯಿತು. ಮತಪತ್ರ ಕೊಡಬೇಕು, ಅಷ್ಟರಲ್ಲಿ ಚಾ ಕುಡಿದು ತಡವಾಗಿ ಒಳಬಂದ ಪಕ್ಷದ ಏಜೆಂಟರೊಬ್ಬರು ತಡೆದರು.

“ಇವರಿಗೆ ಓಟು ಇಲ್ಲ ಮಾಸ್ಟ್ರೇ. ಮೊನ್ನೆ ಜೈಲಿನಿಂದ ಬಂದ ಜನ.”

ಅವರು ಅಲ್ಲಗಳೆಯಲಿಲ್ಲ. ಕೋಳಿ ಕಾಳಗದ ಅಂಕದಲ್ಲಿ ಜಗಳವಾಗಿ ಒಬ್ಬನ ಕೈ ಮುರಿದು ಎರಡು ವರ್ಷ ಒಳಗಿದ್ದರು. (ಮುಂದೆ ನನಗೆ ಹೇಳುವಾಗ ಅದು ಒಮ್ಮೆ ಕೈ, ಒಮ್ಮೆ ಕಾಲು.) ಹಿಂದಿನ ಚುನಾವಣೆ ಒಳಗಿದ್ದಾಗಲೇ ತಪ್ಪಿಹೋಗಿತ್ತು.

“ಜೈಲಿನವರು ಬೆರಳಚ್ಚಿಗೆ ಶಾಯಿ ಹಚ್ಚಿ ಒಳಗೆ ಹಾಕಿದರು,” ಎಂದರು. “ನೀವು ಶಾಯಿ ಹಚ್ಚಿ ಹೊರಗೆ ಹಾಕ್ತೀರಾ?”

ಸಾಲು ನಕ್ಕಿತು. ಓಟಿಲ್ಲದೆ ಕಳಿಸಿದರೆ ಆ ಮನುಷ್ಯ ವಾರಗಟ್ಟಲೆ ಸುಳ್ಳು ಗುರುತು ಹೊತ್ತು ತಿರುಗಬೇಕು. ಕೈಪಿಡಿ ತೆರೆದೆ, ಬೇಕಾದ ಪುಟ ಸಿಗಲಿಲ್ಲ.

“ಆರಾಮದಲ್ಲಿ ಓದಿ ಮಾಸ್ಟ್ರೇ. ನೀವು ಕೂತ ಕುರ್ಚಿ ನಾನು ಒಳಗೆ ಹೆಣೆದದ್ದು, ಬೇಗ ಹರಿಯುವುದಿಲ್ಲ.”

“ಅದಕ್ಕೆ ಸಾಕ್ಷಿ ಉಂಟಾ ಮಾರಾಯ್ರೆ?” ಏಜೆಂಟರು ಕೆಣಕಿದರು.

“ಅಡಿಯಲ್ಲಿ ಬಲಮೂಲೆ ನೋಡಿ. ಒಂದು ಗಂಟು ತಿರುಗಿಸಿ ಹಾಕಿದ್ದು ಉಂಟು.”

ಜೈಲಿನಲ್ಲಿ ಹೆಣೆದ ಕುರ್ಚಿಗಳು ಶಾಲೆಗಳಿಗೆ ಬರುತ್ತಿದ್ದುದು ನಿಜ. ಚುನಾವಣೆ ನಿಲ್ಲಿಸಿ ನಾನು ಕುರ್ಚಿಯನ್ನು ಬೋರಲು ಹಾಕಿದೆ. ಗಂಟು ಇತ್ತು. ಅಥವಾ ಅವರು ಹೇಳಿದ್ದರಿಂದ ನನಗೆ ಕಂಡಿತು.

ಕೊನೆಗೂ ಪುಟ ಸಿಕ್ಕಿತು. ಸೆರೆಯಲ್ಲಿರುವವರಿಗೆ ಮತವಿಲ್ಲ, ಬಿಡುಗಡೆಯಾಗಿ ಬಂದವರಿಗೆ ಇದೆ. ಜೋರಾಗಿ ಓದಿ ಮತಪತ್ರ ಕೊಟ್ಟೆ. ಅವರು ಹಿಡಿದುಕೊಂಡು ಅಲ್ಲೇ ನಿಂತರು.

“ಒಳಗಿನ ಗಂಜಿ ಬರೇ ನೀರು. ಅಲ್ಲಿದ್ದವರಿಗೂ ಓಟು ಇದ್ದಿದ್ದರೆ ಯಾರಾದರೊಬ್ಬ ಬಂದು ಗಂಜಿ ನೋಡ್ತಿದ್ದ. ಒಳಗಿದ್ದವನೂ ನಾನೇ, ಇಲ್ಲಿರುವವನೂ ನಾನೇ ಅಲ್ವಾ ಮಾಸ್ಟ್ರೇ?”

“ನಿಯಮ ಹಾಗೆ ಉಂಟು,” ಎಂದೆ.

“ಅದು ನೀವು ಓದಿದಿರಿ. ನಾನು ಕೇಳಿದ್ದು ಯಾಕೆ ಅಂತ.”

“ಓಟು ಹಾಕಿ ಮಾರಾಯ್ರೆ, ಹಿಂದೆ ಜನ ಉಂಟು,” ಎಂದರು ಏಜೆಂಟರು. ಅವರ ದನಿ ಮೆತ್ತಗಾಗಿತ್ತು.

ಮತ ಹಾಕುವ ಮರೆಯ ಹಿಂದೆ ಅವರು ಬಹಳ ಹೊತ್ತು ಇದ್ದರು.

ಆಮೇಲೆ ವರ್ಷಗಟ್ಟಲೆ ಬೆತ್ತದ ಕಟ್ಟಿನೊಡನೆ ಬಸ್ಸಿನಲ್ಲಿ ನಮ್ಮ ಮನೆಗೆ ಕುರ್ಚಿ ಹೆಣೆಯಲು ಬರುತ್ತಿದ್ದರು. ಚಾ ಕೊಟ್ಟ ಕೂಡಲೇ, “ಪುಸ್ತಕದಲ್ಲಿ ಉತ್ತರ ಸಿಕ್ಕಿತಾ ಮಾಸ್ಟ್ರೇ?” ಒಂದು ವರ್ಷ ಬರಲಿಲ್ಲ. ಬಂಟ್ವಾಳದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರೆಂದು ತಡವಾಗಿ ತಿಳಿಯಿತು...

ಆ ಶಾಲೆ ಹಳೆಯ ಸಾಮಾನು ಮಾರಿದಾಗ ನಾನು ತಂದದ್ದು ಈ ಕುರ್ಚಿ. ಹರಿದ ಹೆಣಿಗೆ ಕತ್ತರಿಸುವ ಮುಂಚೆ ಬೋರಲು ಹಾಕಿ ನೋಡಿದೆ. ತಿರುಗಿಸಿದ ಗಂಟು ಇತ್ತು, ಎಡಮೂಲೆಯಲ್ಲಿ. ಬೇರೆ ಕುರ್ಚಿಯೋ, ನನ್ನ ನೆನಪೇ ಬೋರಲೋ ತಿಳಿಯದು. ಕತ್ತರಿ ಕೆಳಗಿಟ್ಟೆ. ನಿಯಮ ಇವತ್ತಿಗೂ ಹಾಗೆಯೇ ಇದೆ. ಉತ್ತರ ಸಿಕ್ಕಿತಾ ಎಂದು ಕೇಳುವವರು ಮಾತ್ರ ಇಲ್ಲ.