ನಾನು ಓದದೆ ಬಿಟ್ಟ ಸುದ್ದಿ

ಆಫ್ರೀನಳಿಗೆ ಬರಬೇಡ ಎಂದು ಹೇಳಿದ್ದು ಅವಳ ತಾಯಿಯಲ್ಲ — ನಾನು. ತಾಯಿಯ ಬಾಯಿಂದ ಆ ಮಾತು ಹೊರಟಿತು, ನಿಜ. ಆದರೆ ಹೇಳಿಸಿದವಳು ನಾನು, ಗೊತ್ತಿದ್ದೂ ಗೊತ್ತಿದ್ದೂ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ನಾನು ಹರಿಹರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಮನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ. ದಿನಾ ಬಸ್ಸಿನಲ್ಲಿ ಓಡಾಟ. ಶಾಲೆ ಬಿಟ್ಟ ಮೇಲೆ, ಬಸ್ಸಿನ ನೂಕುನುಗ್ಗಲು ಇಳಿಯುವವರೆಗೆ, ಶಾಲೆಯ ಹತ್ತಿರದ ಓಣಿಯ ಮೆಹರುನ್ನೀಸಾ ಆಪಾ ಅವರ ಹೊಲಿಗೆ ಅಂಗಡಿಯಲ್ಲಿ ಕೂರುವುದು ನನ್ನ ರೂಢಿಯಾಗಿತ್ತು. ನನ್ನ ರವಿಕೆಗಳನ್ನು ಹೊಲಿಯುವವರು ಅವರೇ. ಅವರ ಒಬ್ಬಳೇ ಮಗಳು ಆಫ್ರೀನ್ ನನ್ನ ವಿದ್ಯಾರ್ಥಿನಿ — ಪಾಠದ ನಡುವೆ ಎದ್ದು ನಿಂತು 'ಯಾಕೆ' ಎಂದು ಕೇಳುತ್ತಿದ್ದ ಹುಡುಗಿ. ಮದುವೆಯಾಗಿ ಗಂಡನ ಜೊತೆ ಕೊಲ್ಲಿಯ ಒಂದು ಊರಿಗೆ ಹೋಗಿದ್ದಳು.

ಆಪಾಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಟಿ.ವಿ. ಸುದ್ದಿಯನ್ನಂತೂ ಅವರು ಹಾಕುತ್ತಲೇ ಇರಲಿಲ್ಲ. "ಅವ್ರು ಕೂಗಾಡ್ತಾರ ಟೀಚರ್, ನಂಗೆ ಬಿ.ಪಿ. ಏರ್ತೈತೆ. ನೀವು ಓದಿ ಹೇಳ್ರಿ, ಸಾಕು" ಎನ್ನುತ್ತಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಓದಿ ಮುಗಿಸಿದ ಪತ್ರಿಕೆಯನ್ನೇ ಸಂಜೆ ಅವರಿಗೆ ಓದಿ ಹೇಳುತ್ತಿದ್ದೆ.

ಆಗ ಪತ್ರಿಕೆಯ ತುಂಬ ಇರಾನಿನ ಯುರೇನಿಯಂ ಮಾತೇ. ನನಗೆ ಅದರ ಹುಚ್ಚು ಹಿಡಿದಿತ್ತು. ಭಯವಲ್ಲ — ಬರೀ ಕುತೂಹಲ. ನಮ್ಮ ಕೈಗಾದಲ್ಲಿ ಕರೆಂಟು ಕೊಡುವ ಅದೇ ಲೋಹ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತಿರುಗಿಸಿ ಶುದ್ಧ ಮಾಡುತ್ತ ಹೋದರೆ ಬಾಂಬಿನ ಹದಕ್ಕೆ ಬರುತ್ತದೆ. ಎಲ್ಲಿಗೆ ನಿಲ್ಲಿಸಬೇಕು, ನಿಲ್ಲಿಸಿದ್ದಾರೆಂದು ಯಾರು ನೋಡಬೇಕು — ದೇಶಗಳ ಜಗಳವೆಲ್ಲ ಇಷ್ಟರ ಮೇಲೆ. ಇದನ್ನು ಆಪಾಗೆ ವಿವರಿಸಿದ ದಿನ ಅವರು ಮಷೀನು ನಿಲ್ಲಿಸಿ ಕೇಳಿದರು: "ತಮ್ಮ ಹತ್ರ ಇಟ್ಕೊಂಡೋರೇ ಇನ್ನೊಬ್ರಿಗೆ ಬ್ಯಾಡ ಅಂತಾರಲ್ಲ, ಅದು ಹೆಂಗೆ?"

"ನಮ್ಮ ದೇಶದ ಹತ್ರಾನೂ ಐತೆ ಆಪಾ."

"ಐತಾ? ಎಲ್ಲಿ ಇಟ್ಟಾರ?"

ನನಗೂ ಗೊತ್ತಿರಲಿಲ್ಲ. ಇಬ್ಬರೂ ನಕ್ಕೆವು. ಬೀಗ ಯಾರ ಕೈಲಿರುತ್ತದೆ, ವರ್ಷಗಟ್ಟಲೆ ಇಟ್ಟರೆ ಕೆಡುವುದಿಲ್ಲವೇ, ಕೆಟ್ಟರೆ ಎಲ್ಲಿ ಬಿಸಾಡುತ್ತಾರೆ — ನಮ್ಮ ಸಂಜೆಗಳು ಹೀಗೆ ಕಳೆಯುತ್ತಿದ್ದವು. ಆ ಸಂಜೆಗಳನ್ನು ನಾನು ಎಷ್ಟು ಇಷ್ಟಪಡುತ್ತಿದ್ದೆ ಎಂದು ಈಗ ಹೇಳುವುದಕ್ಕೂ ನಾಚಿಕೆ.

ಮೆಲ್ಲಗೆ ನಾನು ಭವಿಷ್ಯ ಹೇಳತೊಡಗಿದೆ. ಒಪ್ಪಂದ ಆಗಿಯೇ ಆಗುತ್ತದೆ, ಇವರೆಲ್ಲ ಹೆದರಿಸುವುದಷ್ಟೇ, ಯಾರೂ ಕೈಯೆತ್ತುವುದಿಲ್ಲ — ಹೀಗೆ. ಆಪಾ ಅದನ್ನೇ ಅಂಗಡಿಗೆ ಬಂದವರಿಗೆ ಹೇಳುತ್ತಿದ್ದರು: "ಟೀಚರ್ ಹೇಳ್ಯಾರ, ಯುದ್ಧ ಆಗಲ್ಲ." ಅದನ್ನು ಕೇಳುವಾಗ ನನಗೆ ಒಳಗೊಳಗೇ ಎಂಥದೋ ಹಿಗ್ಗು.

ಒಂದು ಬೆಳಿಗ್ಗೆ ಮೊದಲ ಪುಟದಲ್ಲಿ ಎರಡು ಸುದ್ದಿಗಳಿದ್ದವು. ಮೇಲೆ — ಮುಂದಿನ ವಾರ ಮತ್ತೊಂದು ಸುತ್ತಿನ ಮಾತುಕತೆ. ಕೆಳಗೆ — ಕೊಲ್ಲಿ ಭಾಗದ ತಮ್ಮ ರಾಯಭಾರ ಕಚೇರಿಗಳ ಸಿಬ್ಬಂದಿಯ ಕುಟುಂಬಗಳಿಗೆ ಹೊರಟುಬರುವಂತೆ ಕೆಲವು ದೇಶಗಳ ಸೂಚನೆ. ಬಸ್ಸಿನಲ್ಲಿ ಎರಡನ್ನೂ ಓದಿದೆ. ಕೆಳಗಿನದನ್ನು ಎರಡು ಸಲ ಓದಿದೆ.

ಸಂಜೆ ಆಪಾಗೆ ಮೇಲಿನದನ್ನು ಓದಿದೆ. ಕಣ್ಣು ಕೆಳಗಿಳಿಯಿತು — ಪತ್ರಿಕೆ ಮಡಚಿಬಿಟ್ಟೆ.

ಅವರಿಗೆ ನೋವಾಗಬಾರದೆಂದು ಹಾಗೆ ಮಾಡಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಸುದ್ದಿ ಓದಿದ್ದರೆ ನನ್ನ ಭವಿಷ್ಯ ತಪ್ಪೆಂದು ಆಪಾಗೆ ಗೊತ್ತಾಗುತ್ತಿತ್ತು. ಅಷ್ಟೇ ಕಾರಣ.

ಆ ಸಂಜೆಯೇ, ಪತ್ರಿಕೆ ಮಡಚಿದ ಸ್ವಲ್ಪ ಹೊತ್ತಿಗೆ ಆಫ್ರೀನಳ ಫೋನ್ ಬಂತು. ಅವಳಿಗೆ ಏಳು ತಿಂಗಳು ತುಂಬಿತ್ತು. ಇನ್ನು ಕೆಲವು ದಿನ ಕಳೆದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಗಂಡನಿಗೆ ರಜೆ ಇಲ್ಲ. ಅಲ್ಲಿ ಜನ ಯುದ್ಧದ ಬಗ್ಗೆ ಏನೇನೋ ಅನ್ನುತ್ತಿದ್ದಾರೆ, ಒಬ್ಬಳೇ ಬಂದುಬಿಡಲೇ ಎಂದು ಕೇಳುತ್ತಿದ್ದಳು. ಆಪಾ ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ನೋಡಿದರು.

"ಟೀಚರ್, ಬಾ ಅನ್ಲಾ?"

"ಏನೂ ಆಗಲ್ಲ ಆಪಾ. ಮುಂದಿನ ವಾರ ಮಾತುಕತೆ ಐತೆ. ಈ ಸ್ಥಿತಿಯಾಗ ಒಬ್ಬಳೇ ಯಾಕ ಬರ್ಬೇಕು? ಬ್ಯಾಡ ಅನ್ರಿ."

ಅವರು ಫೋನನ್ನು ಕಿವಿಗಿಟ್ಟರು. "ನಕ್ಕೋ ಬೇಟಾ" ಎಂದರು.

ಮಾತುಕತೆಯ ದಿನ ಬರಲೇ ಇಲ್ಲ. ಅದಕ್ಕೆ ಮೊದಲೇ ಇರಾನಿನ ಮೇಲೆ ಬಾಂಬುಗಳು ಬಿದ್ದವು. ಆಮೇಲೆ ಆಫ್ರೀನ್ ಇದ್ದ ಊರಿನ ಆಕಾಶದಲ್ಲೂ ಕ್ಷಿಪಣಿಗಳು ಹಾರಿದವು, ವಿಮಾನಗಳು ನಿಂತವು. ಮತ್ತೆ ಹಾರುವ ಹೊತ್ತಿಗೆ ಅವಳು ವಿಮಾನ ಹತ್ತಬಹುದಾದ ಗಡುವು ಮೀರಿತ್ತು. ಸೈರನ್ ಕೂಗಿದ ಒಂದು ದಿನ ಮೆಟ್ಟಿಲಿಳಿದು ಓಡುವಾಗ ನೋವು ಕಾಣಿಸಿಕೊಂಡು, ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹತ್ತಿರ ತನ್ನವಳೆಂಬ ಒಂದು ಹೆಂಗಸೂ ಇರಲಿಲ್ಲ. ಮಗುವನ್ನು ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಉಳಿಯಿತು.

ಉಳಿಯದೆ ಹೋದದ್ದು ತಾಯಿ ಮಗಳ ಮಾತು. "ಹೆರಿಗೆಗೆ ತವರಿಗೆ ಬರ್ತೀನಿ ಅಂದ್ರ ಬ್ಯಾಡ ಅಂದಾಕಿ ನೀನು, ಅಂತಾಳ" ಎಂದರು ಆಪಾ, ಬಟ್ಟೆಯಿಂದ ತಲೆಯೆತ್ತದೆ. "ಮನಿ ಸಣ್ಣದು, ಖರ್ಚು ಬೀಳ್ತೈತೆ, ಅದಕ್ಕ ಹಂಗಂದೆ ಅಂತ ತಿಳ್ಕೊಂಡಾಳ. ಈ ಬಾಯಿಲೇ ಅಂದೆನಲ್ಲ ಟೀಚರ್."

ನಾನು ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಅವರೇ ಮುಂದುವರಿಸಿದರು: "ಪೇಪರ್‌ನೋರಿಗೂ ಗೊತ್ತಾಗಿರ್ಲಿಲ್ಲ ಬಿಡ್ರಿ, ಪಾಪ."

ಆ 'ಪಾಪ' ಕೇಳಿದ ಮೇಲೂ ನಾನು ಸುಮ್ಮನಿದ್ದೆ. ಮರುದಿನವೂ ಪತ್ರಿಕೆ ಹಿಡಿದು ಹೋದೆ, ಅದರ ಮರುದಿನವೂ — ವರ್ಷಗಟ್ಟಲೆ. ಒಂದು ಸುದ್ದಿ ಬಿಟ್ಟದ್ದು ಒಂದು ಗಳಿಗೆಯ ಕೆಲಸ. ಅದಾದ ಮೇಲೆ ಅದೇ ಸ್ಟೂಲಿನ ಮೇಲೆ ಕೂತು ಅವರು ಕೊಟ್ಟ ಚಹಾ ಕುಡಿಯುತ್ತ ಬಂದೆನಲ್ಲ, ಅದಕ್ಕೆ ಏನು ಹೆಸರು ಕೊಡಬೇಕೋ ತಿಳಿಯದು. ಯುರೇನಿಯಂ ಬಚ್ಚಿಡುವುದೇ ಅಪಾಯ, ಅದಕ್ಕೇ ತಪಾಸಣೆಯವರಿಗೆ ಎಲ್ಲವನ್ನೂ ತೋರಿಸಬೇಕು ಎಂದು ತರಗತಿಯಲ್ಲಿ ಹೇಳುತ್ತಲೂ ಇದ್ದೆ.

ಹೋದ ತಿಂಗಳು ಆಫ್ರೀನ್ ರಜೆಗೆ ಬಂದಳು. ಉಳಿದುಕೊಂಡದ್ದು ಆನಗೋಡಿನ ಗಂಡನ ಮನೆಯಲ್ಲಿ. ತಾಯಿಯ ಅಂಗಡಿಗೆ ಬಂದದ್ದು ಒಂದೇ ಒಂದು ಸಂಜೆ, ಅದೂ ನಿಂತ ಕಾಲಲ್ಲಿ. ಆಪಾ ಸ್ಟೂಲು ಎಳೆದು ಕೊಟ್ಟರೆ, "ಬಸ್ಸಿಗೆ ಹೊತ್ತಾತು ಅಮ್ಮಿ" ಎಂದಳು. ಮಗು ಬಟ್ಟೆಚೂರುಗಳ ನಡುವೆ ಓಡಾಡುತ್ತಿತ್ತು. ಆಪಾ ಅದನ್ನು ಎತ್ತಿಕೊಳ್ಳಲೋ ಬೇಡವೋ ಎಂಬಂತೆ ಮಗಳ ಮುಖ ನೋಡಿದರು.

ಆಗ ಹೇಳಿದೆ. ಪೀಠಿಕೆ ಹಾಕಲಿಲ್ಲ. "ಆಫ್ರೀನ್, ಬರಬ್ಯಾಡ ಅಂದದ್ದು ನಿನ್ನ ಅಮ್ಮಿ ಅಲ್ಲ, ನಾನು. ಅಲ್ಲಿಂದ ಹೊರಡ್ರಿ ಅನ್ನೋ ಸುದ್ದಿ ಪೇಪರ್‌ನಾಗ ಬಂದಿತ್ತು. ಅಮ್ಮಿಗೆ ನಾನು ಓದಿ ಹೇಳ್ಲಿಲ್ಲ."

ಆಫ್ರೀನ್ ನನ್ನನ್ನೇ ನೋಡುತ್ತಿದ್ದಳು.

"ನಾನು ಫೋನ್ ಮಾಡಿದ್ ದಿನಾನೇ ಬಂದಿತ್ತಾ ಟೀಚರ್?"

"ಅದೇ ದಿನ. ಬೆಳಿಗ್ಗೆನೇ ಓದಿದ್ದೆ."

"ಮತ್ತೆ ಯಾಕೆ?"

"ಯುದ್ಧ ಆಗಲ್ಲ ಅಂತ ಹೇಳ್ಕೊಂಡು ತಿರುಗಿದ್ದೆ. ನನ್ನ ಮಾತು ಸುಳ್ಳಾಗೋದು ನಂಗೆ ಬ್ಯಾಡಾಗಿತ್ತು."

ಅವಳು ಹೆಗಲ ಮೇಲಿನ ಚೀಲ ಇಳಿಸಿ, ತಾಯಿಯ ಪಕ್ಕ ನೆಲದ ಮೇಲೆ ಕೂತಳು. ಆಪಾ ದನಿ ಏರಿಸದೆ ಹೇಳಿದರು.

"ಟೀಚರ್, ಇನ್ಮ್ಯಾಲೆ ಬರಬ್ಯಾಡ್ರಿ."

"ಆಯ್ತು ಆಪಾ" ಎಂದೆ. ಇನ್ನೂ ಏನೋ ಹೇಳಬೇಕೆನಿಸಿತು — ಕ್ಷಮಿಸಿ ಅಂತಲೋ ಮತ್ತೇನೋ — ಆದರೆ ಹೇಳಿದರೆ ಅವರು ಅದಕ್ಕೊಂದು ಉತ್ತರ ಕೊಡಬೇಕಾಗುತ್ತದೆ ಎಂದು ಬಿಟ್ಟೆ. ಚಪ್ಪಲಿ ಮೆಟ್ಟಿ ಹೊರಗೆ ಬಂದೆ.

ಆಫ್ರೀನ್ ಆ ಸಂಜೆ ಆನಗೋಡಿಗೆ ಹೋಗಲಿಲ್ಲ, ರಜೆ ಮುಗಿಯುವವರೆಗೂ ತಾಯಿಯ ಮನೆಯಲ್ಲೇ ಇದ್ದಳು ಎಂದು ಆಮೇಲೆ ಶಾಲೆಯ ಮಕ್ಕಳಿಂದ ತಿಳಿಯಿತು. ಆ ಓಣಿಗೆ ನಾನು ಮತ್ತೆ ಕಾಲಿಟ್ಟಿಲ್ಲ.